ಲಕ್ಕಮ್ಮನ ಅಡ್ಡಹೆಸರು

ಆ ಬೆಳಿಗ್ಗೆ ಪಂಚಪ್ಪನ ತಟ್ಟೆಗೆ ಉಪ್ಪಿಟ್ಟು ಬೀಳುವುದಕ್ಕೂ ಅವನ ಫೋನಿಗೆ ಮಾರ್ಗದರ್ಶಕರ ಧ್ವನಿಸಂದೇಶ ಬರುವುದಕ್ಕೂ ಸರಿಹೋಯಿತು. ಎರಡೂ ಬಿಸಿಯಾಗಿದ್ದವು.

"ಏನ್ರೀ ಪಂಚಪ್ಪ, ಥೀಸಿಸ್ ಚೆನ್ನಾಗಿದೆ. ಆದ್ರೆ ಹಿಂದ್ಗಡೆ ರೆಫರೆನ್ಸ್ ಅಂತ ಏನ್ರೀ ಬರೆದಿದೀರಿ? ಅದೇನು ಲಗ್ನಪತ್ರಿಕೆನಾ? 'ಶ್ರೀಮತಿ ಲಕ್ಕಮ್ಮನವರು, ಶೆಟ್ಟಿಹಳ್ಳಿ, ಇವರು ಪ್ರೀತಿಯಿಂದ ತಿಳಿಸಿದ್ದು' ಅಂತೆ! ಅದಕ್ಕೆಲ್ಲ ಈಗ ಸಾಫ್ಟ್‌ವೇರ್ ಬಂದಿದೆ ಕಣ್ರೀ. ಯಾವ್ದಾದ್ರೂ ಒಂದನ್ನ ಆರಿಸ್ಕೊಂಡು, ಎಲ್ಲಾನೂ ಕ್ರಮವಾಗಿ ಜೋಡಿಸಿ, ಸಂಜೆ ಐದರೊಳಗೆ ಯಲಹಂಕದ ನಮ್ಮ ಸಂಶೋಧನಾ ಕೇಂದ್ರಕ್ಕೆ ತಂದುಕೊಡಿ. ಇವತ್ತು ತಪ್ಪಿದ್ರೆ ನಿಮ್ಮ ನೋಂದಣಿನೇ ರದ್ದು. ಆಮೇಲೆ ವೆಂಕಟರಾಮಯ್ಯ ಹೇಳಲಿಲ್ಲ ಅನ್ಬೇಡಿ."

ಪಂಚಪ್ಪ ಉಳ್ಳಾಗಡ್ಡಿ ಮತ್ತಿಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಊರು ಗದಗಿನ ಕಡೆ. ಬೆಂಗಳೂರಿನ ಉತ್ತರ ಭಾಗದಲ್ಲಿದ್ದ ಕೆರೆಗಳನ್ನು ಯಾರು ನೋಡಿಕೊಳ್ಳುತ್ತಿದ್ದರು, ಆಮೇಲೆ ಅವು ಎಲ್ಲಿ ಹೋದವು ಎಂದು ವರ್ಷಗಟ್ಟಲೆ ಅಲೆದು ಪ್ರಬಂಧ ಬರೆದಿದ್ದ. ಪಿಎಚ್.ಡಿ. ಇಲ್ಲದವರನ್ನು ಮುಂದಿನ ವರ್ಷ ಇಟ್ಟುಕೊಳ್ಳುವುದಿಲ್ಲವೆಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿಯಾಗಿತ್ತು. ನಗುನಗುತ್ತ ಹೇಳಿದ್ದರಿಂದಲೇ ಪಂಚಪ್ಪನಿಗೆ ಹೆಚ್ಚು ಭಯವಾಗಿತ್ತು.

"ಯಾವುದಾರ ಒಂದು ತಗೊಂಡು ಮುಗಿಸ್ರಿ. ಎರಡನೇದ್ದು ಹೆಂಗೈತಿ ಅಂತ ನೋಡಾಕ ಹೋಗಬ್ಯಾಡ್ರಿ," ಎಂದಳು ಹೆಂಡತಿ ಕಾಶವ್ವ, ಇನ್ನೊಂದು ಚಮಚ ಉಪ್ಪಿಟ್ಟು ಬಡಿಸುತ್ತ.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹೋದ ದೀಪಾವಳಿಗೆ ಮಿಕ್ಸಿ ತರಲು ಹೋದ ಪಂಚಪ್ಪ, ಅಂಗಡಿಯವನಿಂದ ಮೂರು ಕಂಪನಿಗಳ ಮಿಕ್ಸಿ ಬಿಚ್ಚಿಸಿ, ಒಳಗಿನ ಮೋಟಾರು ತಿರುಗುವ ಬಗೆಯನ್ನೆಲ್ಲ ತಿಳಿದುಕೊಂಡು, ತೃಪ್ತನಾಗಿ ಬರಿಗೈಯಲ್ಲಿ ಮನೆಗೆ ಬಂದಿದ್ದ. ಯಾವ ವಸ್ತುವನ್ನು ಕಂಡರೂ ಅದು ಹಾಗೇಕಿದೆ ಎಂದು ತಿಳಿಯುವ ತನಕ ಅವನಿಗೆ ಸಮಾಧಾನವಿಲ್ಲ. ಒಳ್ಳೆಯ ಸಂಶೋಧಕನಿಗೆ ಇರಬೇಕಾದ ಗುಣವೇ ಅದು. ಸಂಜೆ ಐದರೊಳಗೆ ಕೆಲಸ ಮುಗಿಸಬೇಕಾದವನಿಗೆ ಮಾತ್ರ ಅದು ಇರಬಾರದು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತದೆಂದು ಪಂಚಪ್ಪ ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೇ ಹೋದ. ಹೋದವನು ಸುಮ್ಮನೆ ಮೂಲೆಯಲ್ಲಿ ಕೂತಿದ್ದರೆ ಕತೆ ಬೇರೆಯಾಗುತ್ತಿತ್ತು. "ರೆಫರೆನ್ಸ್ ಜೋಡಿಸಾಕ ಯಾವ ಸಾಫ್ಟ್‌ವೇರ್ ಚಲೋ ಐತ್ರಿ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟ.

"ಅದ್ರಲ್ಲಿ ಯೋಚ್ನೆ ಮಾಡೋಕೇನಿದೆ ಗುರು? ಪುಕ್ಕಟೆ ಸಿಗೋದು ಒಂದಿದೆ, ಹಾಕ್ಕೊ. ನಾನು ಅದ್ರಲ್ಲೇ ಮಾಡಿದ್ದು," ಎಂದ ವಾಣಿಜ್ಯ ವಿಭಾಗದ ಸತೀಶ್.

"ಪುಕ್ಕಟೆದ್ದು ಪುಕ್ಕಟೆದ್ದರಂಗ ಇರತೈತ್ರಿ," ಎಂದಳು ಇಂಗ್ಲಿಷಿನ ಭಾಗ್ಯಶ್ರೀ, ಉತ್ತರಪತ್ರಿಕೆಯಿಂದ ತಲೆಯೆತ್ತಿ. ಅವಳು ಧಾರವಾಡದವಳು. "ರೊಕ್ಕದ್ದು ತಗೋರಿ ಸರ್. ಮೊದಲನೇ ತಿಂಗಳು ಹಂಗೇ ಬಿಡತಾರ. ನಿಮಗ ಬೇಕಾಗಿದ್ದು ಒಂದ ದಿನ."

"ತಿಂಗಳಾದ್ಮೇಲೆ ಬೀಗ ಹಾಕ್ತಾರೆ ಮೇಡಂ! ನಮ್ಮ ಸಾಮಾನೆಲ್ಲ ಒಳಗೆ, ನಾವು ಹೊರಗೆ."

"ನಿಮ್ಮದು ನಡುವ ನಿಂತು ನೀವು ತಲಿ ಮ್ಯಾಲೆ ಕೈ ಹೊತಗೊಂಡು ಕುಂತಿದ್ದು ನಾ ನೋಡಿಲ್ಲೇನು?"

ಅಲ್ಲಿಗೆ ಸ್ಟಾಫ್ ರೂಮು ಎರಡು ಪಂಗಡವಾಯಿತು. ಹುಟ್ಟಿದಾರಭ್ಯ ಒಂದು ಪ್ರಬಂಧವನ್ನೂ ಬರೆಯದವರು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದರು. ದೈಹಿಕ ಶಿಕ್ಷಣದ ಮೇಷ್ಟ್ರು, ಎರಡನ್ನೂ ಓಡಿಸಿ ನೋಡಿ, ಮುಂದೆ ಬಂದದ್ದನ್ನು ಇಟ್ಟುಕೊಳ್ಳಬೇಕು ಎಂದು ತೀರ್ಪು ಕೊಟ್ಟರು. ಯಾರ ಮನಸ್ಸನ್ನೂ ನೋಯಿಸದ ಪಂಚಪ್ಪನಿಗೆ ಆ ಮಾತು ಹಿಡಿಸಿತು. ಕಾಶವ್ವನ ಮಾತು ಮರೆತು ಎರಡನ್ನೂ ಹಾಕಿಕೊಂಡ.

ಪುಕ್ಕಟೆಯದರಲ್ಲಿ ಪುಸ್ತಕಗಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಬಹುದಿತ್ತು. ಕೆರೆಗೆ ನೀಲಿ, ಕಾಲುವೆಗೆ ಹಸಿರು, ಕೋರ್ಟಿಗೆ ಕೆಂಪು ಎಂದು ಅಂಟಿಸುತ್ತ ಕೂತ. ರೊಕ್ಕದ್ದರಲ್ಲಿ ಒಂದು ಗುಂಡಿ ಒತ್ತಿದರೆ, ಯಾವ ಲೇಖಕ ಯಾರನ್ನು ನೆಚ್ಚಿಕೊಂಡು ಬರೆದಿದ್ದಾನೆ ಎಂಬುದು ಜೇಡರ ಬಲೆಯ ಹಾಗೆ ಪರದೆಯ ಮೇಲೆ ಹರಡಿತು. ಜೀವನವಿಡೀ ಜಗಳವಾಡಿದ ಇಬ್ಬರು ವಿದ್ವಾಂಸರು ಒಂದೇ ಹಳೆಯ ವರದಿಯಿಂದ ಎತ್ತಿ ಬರೆದಿದ್ದರೆಂಬುದು ಪಂಚಪ್ಪನಿಗೆ ಆಗ ತಿಳಿಯಿತು. ಆಹಾ ಎನಿಸಿತು. ಇನ್ನೂ ಯಾರ್ಯಾರು ಹೀಗಿದ್ದಾರೆ ನೋಡೋಣವೆಂದು ಎಳೆ ಹಿಡಿದು ಹೊರಟವನು ತಲೆಯೆತ್ತಿದಾಗ ಎಲ್ಲರೂ ಊಟ ಮುಗಿಸಿ ಕೈತೊಳೆಯುತ್ತಿದ್ದರು.

ಗಾಬರಿಯಿಂದ ಪಟ್ಟಿ ತೆಗೆಯಲು ಹೋದ. ಪಟ್ಟಿ ಬರಲಿಲ್ಲ. ಲಕ್ಕಮ್ಮನ ಹೆಸರಿನ ಸುತ್ತ ಕೆಂಪು ಚೌಕ ಬಂದು, ಅಡ್ಡಹೆಸರು ತುಂಬದೆ ಮುಂದೆ ಹೋಗುವಂತಿಲ್ಲ ಎಂದಿತು. ಇನ್ನೊಂದರಲ್ಲಿ ನೋಡಿದ. ಅದೂ ಅದನ್ನೇ ಕೇಳಿತು. ಬೇರೆ ವಿಷಯದಲ್ಲೆಲ್ಲ ಹಾವು ಮುಂಗುಸಿಯ ಹಾಗಿದ್ದ ಎರಡೂ ಲಕ್ಕಮ್ಮನ ವಿಷಯದಲ್ಲಿ ಒಂದಾಗಿದ್ದವು.

ಶೆಟ್ಟಿಹಳ್ಳಿಯ ಲಕ್ಕಮ್ಮ ಅವನ ಪ್ರಬಂಧದ ಜೀವ. ಕೆರೆ ಕೋಡಿ ಬಿದ್ದದ್ದು, ಮೀನು ಪಾಲು ಹಾಕಿದ್ದು, ಮಳೆ ಬಾರದಿದ್ದಾಗ ಹೆಂಗಸರು ಏನು ಹಾಡಿದರು ಎಂಬುದು, ಎಲ್ಲವೂ ಅವಳು ಜಗಲಿಯ ಮೇಲೆ ಕೂತು ಹೇಳಿದ್ದು. ಅವಳ ಹೆಸರಿಲ್ಲದ ಪುಟ ಹುಡುಕಿದರೂ ಸಿಗುತ್ತಿರಲಿಲ್ಲ.

"ನಮ್ ಕಡೆ ಸರ್‌ನೇಮ್ ಎಲ್ಲಾ ಇರಲ್ಲ ಗುರು, ಇನಿಷಿಯಲ್ ಇರುತ್ತೆ ಅಷ್ಟೆ. ಒಂದು ಚುಕ್ಕಿ ಇಟ್ಟು ಮುಂದಕ್ ಹೋಗು," ಎಂದ ಸತೀಶ್.

ಪಂಚಪ್ಪ ನಂಬಲಿಲ್ಲ. ಅವನ ಊರಿನಲ್ಲಿ ಅಡ್ಡಹೆಸರಿಲ್ಲದ ಮನುಷ್ಯನೇ ಇಲ್ಲ. ಅವನೇ ಉಳ್ಳಾಗಡ್ಡಿ, ಪಕ್ಕದ ಮನೆಯವರು ಮೆಣಸಿನಕಾಯಿ, ಎದುರಿನವರು ಹುಗ್ಗಿ. ಇಷ್ಟು ವಯಸ್ಸಾದ ಲಕ್ಕಮ್ಮನಿಗೆ ಒಂದು ಅಡ್ಡಹೆಸರು ಇಲ್ಲದೆ ಇರುತ್ತದೆಯೆ? ತಾನೇ ಕೇಳುವುದನ್ನು ಮರೆತಿರಬೇಕು.

"ಅಂಥಾ ಹೆಣ್ಣಮಗಳಿಗೆ ಚುಕ್ಕಿ ಇಡೂದು ಸರಿ ಅಲ್ರಿ," ಎಂದು ಅವಳಿಗೇ ಫೋನು ಹಚ್ಚಿದ. "ಅವ್ವಾ, ಆರಾಮಿದ್ದೀರಿ? ನಿಮ್ಮ ಅಡ್ಡಹೆಸರು ಏನೈತ್ರಿ? ಲಗೂನ ಹೇಳ್ರಿ, ಕಂಪ್ಯೂಟರ್ ಕೇಳಾಕತ್ತೈತಿ."

"ಅಡ್ಡೆಸ್ರಾ? ಈಗ ಎಸ್ರು ಕೇಳ್ತೀಯ, ಆಮ್ಯಾಕೆ ನಂಬ್ರ ಕೇಳ್ತೀಯ, ಅದಾದ್ ಮ್ಯಾಕೆ ಬ್ಯಾಂಕ್ನಾಗಿರೋದೆಲ್ಲ ಬಳ್ಕೊಂಡೋಯ್ತೀಯ. ನಮ್ ಮಗ ನಾಗ ಎಲ್ಲಾ ಯೋಳವ್ನೆ ಕಣಪ್ಪ. ಇಕ್ಕು ಪೋನು!"

ಮತ್ತೆ ಮಾಡಿದರೆ ಅವಳು ಎತ್ತಲಿಲ್ಲ. ಪಂಚಪ್ಪ ಲ್ಯಾಪ್‌ಟಾಪನ್ನು ಬೆನ್ನಿಗೇರಿಸಿ ಸ್ಕೂಟರ್ ಹತ್ತಿದ. ಬಿಇಎಲ್ ವೃತ್ತದ ಸಿಗ್ನಲ್ಲಿನಲ್ಲಿ ಹಸಿರು ಬರುವ ತನಕ, ಈ ಬೆಂಗಳೂರಿನವರು ಅಡ್ಡಹೆಸರಿಲ್ಲದೆ ಲಗ್ನಕ್ಕೆ ಹೆಣ್ಣು ಹೇಗೆ ನೋಡುತ್ತಾರೆ ಎಂದು ಯೋಚಿಸುತ್ತಿದ್ದ.

ಶೆಟ್ಟಿಹಳ್ಳಿಯಲ್ಲಿ ಲಕ್ಕಮ್ಮ ಮಗ ಕಟ್ಟಿಸಿದ ಐದಂತಸ್ತಿನ ಅಪಾರ್ಟ್‌ಮೆಂಟಿನ ಮುಂದೆ, ಹಳೆಯ ಮನೆಯಿಂದ ಉಳಿಸಿಕೊಂಡಿದ್ದ ಒಂದು ತುಂಡು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮುಖ ಕಂಡ ಮೇಲೆ ಗುರುತು ಹಿಡಿದಳು. "ಅಯ್ಯೋ ನೀನಾ ಮೇಷ್ಟ್ರೇ! ಕಳ್ಳ ಅನ್ಕಂಡೆ ಕಣಪ್ಪ. ಕೂತ್ಕೊ. ಅಡ್ಡೆಸ್ರು ಅಂದ್ರೇನು?"

"ಮನಿತನದ ಹೆಸರ್ರಿ ಅವ್ವಾ. ನಿಮ್ಮ ಮನಿ ಮಂದಿಗೆಲ್ಲಾ ಇರತೈತಲ್ಲ, ಅದು."

ಮನೆತನ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅಕ್ಕಪಕ್ಕದ ಬಾಗಿಲುಗಳು ತೆರೆದವು. ಮನೆತನ ಕೇಳಿಕೊಂಡು ಬಂದರೆಂದರೆ ವಂಶವೃಕ್ಷ, ವಂಶವೃಕ್ಷವೆಂದರೆ ಜಮೀನು ಭಾಗ ಎಂದು ಆ ಬೀದಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾಯಾದಿಗಳೆಲ್ಲ ಸೇರಿದರು. ಒಬ್ಬ ತನ್ನ ಆಧಾರ್ ಕಾರ್ಡನ್ನೂ ತಂದಿದ್ದ. ಲಕ್ಕಮ್ಮನ ಮಗ ನಾಗೇಶ್ ಬಿಳಿ ಷರ್ಟಿನ ತೋಳು ಮಡಚುತ್ತ ಮೇಲಿನಿಂದ ಇಳಿದುಬಂದ. ಅವನು ಬಿಲ್ಡರ್. ಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದು ಓಡಾಡುತ್ತಿದ್ದುದರಿಂದ ಕೋಪ ಬಂದಾಗಲೂ ಕೈ ಮುಗಿಯುತ್ತಿದ್ದ.

"ನಮಸ್ಕಾರ ಸರ್. ಯಾರ್ ಕಳ್ಸಿದ್ದು ನಿಮ್ನ? ನಮ್ ಚಿಕ್ಕಪ್ಪನ ಮಕ್ಳಾ?"

"ಯಾರೂ ಕಳಿಸಿಲ್ರಿ. ನಾ ಬರದ ಥೀಸಿಸ್‌ದಾಗ ನಿಮ್ಮ ತಾಯಾರ ಹೆಸರು ಬಂದೈತಿ. ಅದಕ್ಕ ಅಡ್ಡಹೆಸರು ಬೇಕಾಗೇತಿ. ಇವತ್ತ ಐದರೊಳಗ ಕೊಡಲಿಲ್ಲಂದ್ರ ನನ್ನ ನೌಕರಿ ಹೋಗತೈತ್ರಿ."

ನಾಗೇಶನ ಮುಖ ಅರಳಿತು. "ನಮ್ಮವ್ವನ ಹೆಸ್ರು ಪುಸ್ತಕದಲ್ಲಿ ಬಂತಾ? ಮೊದ್ಲೇ ಹೇಳೋದಲ್ವಾ ಸರ್! ಲೇ, ಕಾಫಿ ತನ್ರೋ!"

ಜಮೀನಿನ ವಿಷಯವಲ್ಲವೆಂದು ತಿಳಿದ ಮೇಲೂ ಜನ ಚದುರಲಿಲ್ಲ. ಲಕ್ಕಮ್ಮನಿಗೆ ಅಡ್ಡಹೆಸರು ಹುಡುಕಲು ನಿಂತರು. ಬೀದಿಗೆ ಮೊದಲ ನಲ್ಲಿ ಬಂದದ್ದು ಅವಳ ಮನೆಯ ಮುಂದೆಯೇ ಆದ್ದರಿಂದ 'ನಲ್ಲಿ ಲಕ್ಕಮ್ಮ' ಎನ್ನಬೇಕೆಂದು ಒಬ್ಬರು. ಆರು ಎಮ್ಮೆ ಸಾಕಿದ್ದಳಾದ್ದರಿಂದ ಅದನ್ನು ಮರೆಯಬಾರದೆಂದು ಇನ್ನೊಬ್ಬರು. ಎಮ್ಮೆಯ ಮಾತೆತ್ತಿದವರನ್ನು ಲಕ್ಕಮ್ಮ ಅವರೆಸಿಪ್ಪೆ ಎಸೆದು ಸುಮ್ಮನಾಗಿಸಿದಳು.

"ಅವೆಲ್ಲ ಯಾಕಮ್ಮ? ನಾವು ತೂಬಿನ್ ಮನೆಯೋರಲ್ವಾ?" ಎಂದಳು ಮೂಲೆಯಲ್ಲಿ ನಿಂತಿದ್ದ ಯಲ್ಲಮ್ಮ. ಲಕ್ಕಮ್ಮನ ವಾರಗಿತ್ತಿ ಅವಳು. "ನಮ್ ಮಾವ ಕೆರೆ ತೂಬು ಎತ್ತೋನು, ಇಳ್ಸೋನು. ಊರೋರೆಲ್ಲ ಅಂಗೇ ಕರೀತಿದ್ರು. ನೀರು ಬೇಕಾದ್ರೆ ತೂಬಿನ್ ಮನೆ ತಾವ ಓಗ್ರಿ ಅನ್ನೋರು."

ಪಂಚಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಆ ಕೆರೆಯ ತೂಬು ಎಲ್ಲಿತ್ತು, ನೀರು ಬಿಡುವವರು ಯಾರಾಗಿದ್ದರು ಎಂದು ಅವನು ವರ್ಷಗಟ್ಟಲೆ ಕಡತಗಳಲ್ಲಿ ಹುಡುಕಿ ಸೋತಿದ್ದ. ಅದು ಈ ಜಗಲಿಯಲ್ಲೇ ಇತ್ತು. ತಾನು ಕೇಳಿರಲಿಲ್ಲ, ಆದ್ದರಿಂದ ಅವರು ಹೇಳಿರಲಿಲ್ಲ. ಆ ಕೆಂಪು ಚೌಕವನ್ನು ಮನಸಾರೆ ಹರಸಿದ.

"ಅವ್ವಾ, ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ನೀ ಕೆರೆ ಕೇಳ್ದೆ, ಕೆರೆ ಯೋಳ್ದೆ. ನಮ್ ಮನೆ ಕೇಳಿದ್ಯಾ?"

ಐದು ಗಂಟೆಯ ಗಡುವು ಪಂಚಪ್ಪನ ತಲೆಯಿಂದ ಇಳಿದುಹೋಯಿತು. ತೂಬು ಕಲ್ಲಿನದೋ ಮರದ್ದೋ, ಬೀಗದ ಕೈ ಯಾರ ಬಳಿ ಇತ್ತು, ಕದ್ದು ನೀರು ಬಿಟ್ಟವರಿಗೆ ಏನು ಶಿಕ್ಷೆ ಎಂದು ಒಂದೊಂದಾಗಿ ಕೇಳಿದ. ಇಬ್ಬರು ಮುದುಕಿಯರೂ ಸ್ಪರ್ಧೆಯ ಮೇಲೆ ಹೇಳಿದರು.

"ಆ ತೂಬು ಈಗ ಎಲ್ಲೈತ್ರಿ?" ಎಂದು ಕೊನೆಗೆ ಕೇಳಿದ.

ಲಕ್ಕಮ್ಮ ಅವರೆಕಾಯಿ ಹಿಡಿದ ಕೈಯನ್ನೇ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದತ್ತ ಚಾಚಿದಳು. ನಾಗೇಶನಿಗೆ ಕೆಮ್ಮು ಬಂತು. "ಸರ್, ಟೈಮಾಯ್ತು, ನಿಮ್ಗೆ ಐದ್ಗಂಟೆಗೆ ಕೊಡ್ಬೇಕಲ್ವಾ?" ಎಂದ.

ಪಂಚಪ್ಪ ಹೌಹಾರಿದ. ಜಗಲಿಯ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿ, ತೂಬಿನ ಸಂಗತಿಯನ್ನು ಪ್ರಬಂಧಕ್ಕೆ ಸೇರಿಸಿ, ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಕೊಂಡ. ಪಟ್ಟಿ ತೆಗೆಯಲು ಎರಡೂ ಸಾಫ್ಟ್‌ವೇರನ್ನು ತೆರೆದ. ಬಹಳ ದಿನದಿಂದ ದುಡಿದಿದ್ದ ಲ್ಯಾಪ್‌ಟಾಪ್ ಆ ಇಬ್ಬರು ಯಜಮಾನರ ಭಾರ ತಾಳದೆ ಒಮ್ಮೆ ನಿಟ್ಟುಸಿರಿಟ್ಟು ಕಪ್ಪಾಯಿತು. ಮತ್ತೆ ಬೆಳಗಲಿಲ್ಲ.

"ಅಂಕಲ್, ಈಗೆಲ್ಲಾ ಯಾರ್ ಅವನ್ನ ಯೂಸ್ ಮಾಡ್ತಾರೆ?" ಎಂದು ನಾಗೇಶನ ಮಗಳು ಚೈತ್ರ ಒಳಗಿನಿಂದ ತೆಳ್ಳಗಿನ ಹೊಸ ಲ್ಯಾಪ್‌ಟಾಪ್ ತಂದಳು. ಇಂಜಿನಿಯರಿಂಗ್ ಓದುತ್ತಿದ್ದಳು. "ಆನ್‌ಲೈನಲ್ಲೇ ಒಂದಿದೆ. ಇಡೀ ಥೀಸಿಸ್ ಅಪ್ಲೋಡ್ ಮಾಡಿದ್ರೆ ಸಾಕು, ಎಲ್ಲಾ ಅದೇ ಜೋಡಿಸ್ಕೊಳ್ಳುತ್ತೆ. ಅಪ್ಪನ ಲ್ಯಾಪ್‌ಟಾಪ್ ಇದು, ಲಾಗಿನ್ ಕೂಡ ಆಗಿದೆ. ಪೆನ್‌ಡ್ರೈವ್ ಕೊಡಿ."

ಪಂಚಪ್ಪ ಕೊಟ್ಟ. ಅವಳ ಬೆರಳು ನಾಲ್ಕು ಕಡೆ ತಟ್ಟಿತು. ಅಷ್ಟೂ ಪುಸ್ತಕ, ಅಷ್ಟೂ ಕಡತ ಅಕಾರಾದಿಯಾಗಿ ಶಿಸ್ತಿನಿಂದ ಸಾಲುಗಟ್ಟಿ ನಿಂತವು. ನಡುವೆ 'ತೂಬಿನಮನೆ, ಲಕ್ಕಮ್ಮ' ಎಂಬುದನ್ನು ಕಂಡು ಪಂಚಪ್ಪ ಅದನ್ನು ಎರಡು ಸಲ ಓದಿದ. ಪರದೆಯ ಮೇಲೆ ಉದ್ದನೆಯ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂತು.

"ಇದೇನು ಕೇಳತೈತವಾ?" ಎಂದು ಪಂಚಪ್ಪ ಕುತೂಹಲದಿಂದ ಬಗ್ಗಿದ.

"ಅದನ್ನೆಲ್ಲ ಯಾರ್ ಓದ್ತಾರೆ ಅಂಕಲ್, ಓಕೆ ಕೊಡೋದು ಅಷ್ಟೆ," ಎಂದು ಅವಳು ಒತ್ತಿಯೇಬಿಟ್ಟು, ಜೋಡಿಸಿದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಜೀವಮಾನದಲ್ಲಿ ಮೊದಲ ಸಲ ಪಂಚಪ್ಪ ಒಂದು ಗುಂಡಿ ಏನು ಮಾಡುತ್ತದೆಂದು ತಿಳಿಯದೆ ಎದ್ದು ಹೊರಟ. ಗಡಿಯಾರ ಅಷ್ಟು ಹೆದರಿಸಿತ್ತು.

ಸಿಂಗಾಪುರದ ಒಳದಾರಿಗಳಲ್ಲಿ ಸ್ಕೂಟರ್ ನುಗ್ಗಿಸಿ, ಐದಕ್ಕೆ ಇನ್ನೂ ಸ್ವಲ್ಪವಿರುವಾಗಲೇ ಅವನು ಯಲಹಂಕದ ಕೇಂದ್ರ ಮುಟ್ಟಿದ. ಗ್ರಂಥಪಾಲಕಿ ಯಶೋಧಾ ಪೆನ್‌ಡ್ರೈವ್ ತೆಗೆದುಕೊಂಡು, ರೆಫರೆನ್ಸ್ ನೋಡಿ, "ಎಷ್ಟ್ ನೀಟಾಗಿದೆ ಸರ್! ಯಾವ ಸಾಫ್ಟ್‌ವೇರು?" ಎಂದಳು. ಪಂಚಪ್ಪ ಬೆವರೊರೆಸಿಕೊಂಡು ನಕ್ಕ. ಬೆಳಗಿನಿಂದ ಮೊದಲ ಸಲ ನಕ್ಕದ್ದು.

"ನಕಲು ಪರೀಕ್ಷೆ ಒಂದು ಮಾಡ್ಬಿಟ್ರೆ ಮುಗೀತು," ಎಂದು ಅವಳು ಇನ್ನೊಂದು ಯಂತ್ರಕ್ಕೆ ಪ್ರಬಂಧವನ್ನು ತಿನ್ನಿಸಿದಳು. ಫಲಿತಾಂಶ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಸರ್, ನಿಮ್ಮ ಥೀಸಿಸ್ ಪೂರ್ತಿ ನಕಲು ಅಂತ ಬರ್ತಿದೆ."

"ಹೆಂಗ ಸಾಧ್ಯ ಐತ್ರಿ? ನಾನ ಬರದೀನಿ!"

"ಇದೇ ಥೀಸಿಸ್ಸು ಈಗೊಂದು ಗಂಟೆ ಹಿಂದೆ ಆನ್‌ಲೈನಲ್ಲಿ ಪ್ರಕಟ ಆಗಿದೆ. ತೂಬು ಸೇರಿ ಒಂದಕ್ಷರ ವ್ಯತ್ಯಾಸ ಇಲ್ಲ. ಲೇಖಕರು ನಾಗೇಶ್ ಅಂತೆ, ಶೆಟ್ಟಿಹಳ್ಳಿ. ಗೊತ್ತಾ ನಿಮಗೆ?"

ಪ್ರಕಟಿಸಲೇ ಎಂಬ ಪ್ರಶ್ನೆಗೆ ಚೈತ್ರ ಓಕೆ ಕೊಟ್ಟಿದ್ದಳು, ಅದು ಲಾಗಿನ್ ಆಗಿದ್ದ ಅಪ್ಪನ ಹೆಸರಿನಲ್ಲೇ ಪ್ರಕಟವಾಗಿತ್ತು ಎಂದು ಪಂಚಪ್ಪನಿಗೆ ಈಗ ತಿಳಿಯಿತು. ನಡೆದದ್ದನ್ನೆಲ್ಲ ಹೇಳಿದ, ಅಳಿಸಿಹಾಕುವುದಾಗಿ ಹೇಳಿದ.

"ಅಳಿಸಿದ್ರೂ ನಮ್ಮ ಯಂತ್ರ ಮರೆಯಲ್ಲ ಸರ್," ಎಂದಳು ಯಶೋಧಾ. ಅವಳಿಗೂ ಪಾಪ ಎನಿಸಿತ್ತು. "ಒಂದ್ ಕೆಲ್ಸ ಮಾಡಿ. ಆ ನಾಗೇಶ್ ಅವರಿಂದ, ಇದು ನಂದಲ್ಲ, ಪಂಚಪ್ಪನವರದು ಅಂತ ಎರಡು ಸಾಲು ಬರೆಸ್ಕೊಂಡು ಬನ್ನಿ. ವೆಂಕಟರಾಮಯ್ಯ ಸರ್‌ಗೆ ನಾನ್ ಹೇಳಿ ಕಾಯಿಸ್ತೀನಿ. ಏಳರವರೆಗೂ ಬಾಗಿಲು ಹಾಕಲ್ಲ."

ಎರಡು ಸಾಲು ತಾನೆ! ಪಂಚಪ್ಪನಿಗೆ ಹೋದ ಜೀವ ಬಂತು. ಕಾಫಿ ಕೊಟ್ಟು ಕಳಿಸಿದ ಮನುಷ್ಯ, ತಾಯಿಯ ಹೆಸರು ಬಂತೆಂದು ಕುಣಿದ ಮನುಷ್ಯ, ಎರಡು ಸಾಲು ಬರೆಯಲಾರನೆ? ಬಂದ ದಾರಿಯಲ್ಲೇ ಸ್ಕೂಟರ್ ತಿರುಗಿಸಿದ.

ಶೆಟ್ಟಿಹಳ್ಳಿಯ ಮುಖ್ಯರಸ್ತೆಗೆ ಬಂದಾಗ ತಮಟೆ ಕೇಳಿಸಿತು. ಅಪಾರ್ಟ್‌ಮೆಂಟಿನ ಮುಂದೆ ಜನ ನೆರೆದಿದ್ದರು. ನಾಗೇಶನ ಕೊರಳಲ್ಲಿ ಸೇಬಿನ ಹಾರವಿತ್ತು. ಪಂಚಪ್ಪನನ್ನು ಕಂಡು ಓಡಿಬಂದು ಅಪ್ಪಿಕೊಂಡ.

"ಸರ್! ಫೋನಿಗೆ ಮೆಸೇಜ್ ಬಂತು ಸರ್. 'ಅಭಿನಂದನೆ, ನಿಮ್ಮ ಸಂಶೋಧನೆ ಪ್ರಕಟವಾಗಿದೆ' ಅಂತ. ಅವ್ವನ ಕತೆನ ನನ್ ಹೆಸ್ರಲ್ಲೇ ಹಾಕ್ಸಿದೀರ. ಇಂಥ ದೊಡ್ಡ ಮನಸ್ಸು ಯಾರಿಗಿರುತ್ತೆ ಸರ್ ಈ ಕಾಲದಲ್ಲಿ? ಪಾರ್ಟಿ ಆಫೀಸ್‌ಗೆ ಫಾರ್ವರ್ಡ್ ಮಾಡ್ದೆ. ಓದಿರೋ ಕ್ಯಾಂಡಿಡೇಟ್ ಬೇಕು ಅಂತ ಹುಡುಕ್ತಿದ್ರಂತೆ, ಟಿಕೆಟ್ ನಂಗೇ ಅಂದ್ಬಿಟ್ರು!"

"ನಾಗೇಶಣ್ಣಾರ, ಅದು ತಪ್ಪಿ ಆಗಿದ್ದು," ಎಂದ ಪಂಚಪ್ಪ. ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. "ಇದು ನಂದಲ್ಲ, ಪಂಚಪ್ಪಂದು ಅಂತ ಎರಡ ಸಾಲು ಬರಕೊಡ್ರಿ. ಏಳರೊಳಗ ಮುಟ್ಟಿಸಬೇಕು. ನನ್ನ ನೌಕರಿ ವಿಷಯ ಐತ್ರಿ, ಕೈ ಮುಗಿತೀನಿ."

ನಾಗೇಶ್ ಅವನನ್ನು ಒಂದು ಪಕ್ಕಕ್ಕೆ ಕರೆದುಕೊಂಡು ಹೋದ. ನಿಜವಾಗಿಯೂ ನೊಂದವನ ಹಾಗೆ ಮುಖ ಮಾಡಿದ. "ಸರ್, ನಿಮ್ಗೆ ನಾನು ಇಲ್ಲ ಅಂತೀನಾ? ಬರ್ಕೊಟ್ಟೇ ಕೊಡ್ತೀನಿ. ಆದ್ರೆ ಈಗ ಬರ್ಕೊಟ್ರೆ ಊರ ಮುಂದೆ ಮರ್ಯಾದೆ ಏನಾಗುತ್ತೆ ಹೇಳಿ? ಎಲೆಕ್ಷನ್ ಒಂದು ಮುಗೀಲಿ, ಮಾರನೇ ದಿನಾನೇ ನಾನೇ ಮನೆಗೆ ತಂದುಕೊಡ್ತೀನಿ."

"ಎಲೆಕ್ಷನ್ ಯಾವಾಗ್ರಿ?"

"ಪಾಲಿಕೆ ಎಲೆಕ್ಷನ್ನು ಯಾವಾಗ ಅಂತ ಈ ಬೆಂಗಳೂರಲ್ಲಿ ಯಾರಿಗ್ ಗೊತ್ತು ಸರ್?" ಎಂದು ನಾಗೇಶ್ ಆಕಾಶದ ಕಡೆ ಕೈ ತೋರಿಸಿದ. ಆಮೇಲೆ ದನಿ ತಗ್ಗಿಸಿ, "ಅದಿರ್ಲಿ, ಟೀವಿಯವ್ರು ಬರ್ತಿದಾರೆ. ನಾನು ಏನೇನ್ ಬರ್ದಿದೀನಿ ಅಂತ ಒಂಚೂರು ಹೇಳ್ಕೊಡಿ. ಆ ತೂಬಿನ ವಿಷಯ ಒಂದು ಬಿಟ್ಟು," ಎಂದ.

ಅಷ್ಟರಲ್ಲಿ ಹಗ್ಗ ಎಳೆಯುವ ಗದ್ದಲ ಕೇಳಿಸಿತು. ಎರಡು ಕಂಬಗಳ ನಡುವೆ ಒಂದು ದೊಡ್ಡ ಫ್ಲೆಕ್ಸ್ ಮೆಲ್ಲನೆ ಬಿಚ್ಚಿಕೊಂಡಿತು. 'ಕೆರೆಗಳ ಕಣ್ಮಣಿ, ಸಂಶೋಧನಾ ರತ್ನ ಡಾ. ನಾಗೇಶಣ್ಣನವರಿಗೆ ಅಭಿನಂದನೆಗಳು' ಎಂದು ಬರೆದಿತ್ತು. ನಾಗೇಶನ ತಲೆಗೆ ಯಾರದೋ ಘಟಿಕೋತ್ಸವದ ಟೋಪಿ ಅಂಟಿಸಿದ್ದರು. ಕೆಳಗೆ ಶುಭ ಕೋರುವವರ ಮುಖಗಳು ಬಟಾಣಿಯ ಹಾಗೆ ಸಾಲಾಗಿದ್ದವು. ಎಲ್ಲ ದಾಯಾದಿಗಳೂ ಇದ್ದರು, ಆಧಾರ್ ಕಾರ್ಡಿನವನೂ ಇದ್ದ.

"ನಿಮ್ಮನ್ನ ಮರೀತೀವಾ ಸರ್? ಚೈತ್ರ ನಿಮ್ಮ ವಾಟ್ಸಾಪ್ ಫೋಟೋ ತೆಗೆದುಕೊಟ್ಳು," ಎಂದು ನಾಗೇಶ್ ಸಾಲಿನ ತುದಿಗೆ ಬೆರಳು ಚಾಚಿದ.

ಪಂಚಪ್ಪ ಕುತೂಹಲ ತಡೆಯಲಾರದೆ ಹತ್ತಿರ ಹೋಗಿ ನೋಡಿದ. ಕಟ್ಟಕಡೆಯ ಬಟಾಣಿಯಲ್ಲಿ ಅವನ ಮುಖವಿತ್ತು. ಕೆಳಗೆ ಸಣ್ಣಕ್ಷರದಲ್ಲಿ, 'ಟೈಪಿಂಗ್: ಪಂಚಪ್ಪ ಮೇಷ್ಟ್ರು' ಎಂದಿತ್ತು.